ಮಾಳಿಗೆ ನೋಡುವ ತಂಗಿ

ತಂಗಿ ಬೀದಿಯಲ್ಲಿ ನಡೆಯುವಾಗ ಎದುರು ಬರುವವರ ಮುಖ ನೋಡುತ್ತಿರಲಿಲ್ಲ. ಅಂಗಡಿಗಳ ಮೇಲಿನ ಮುಚ್ಚಿದ ಕಿಟಕಿಗಳನ್ನು ನೋಡುತ್ತಿದ್ದಳು. ಕತ್ತೆತ್ತಿ, ತುಸು ಬಲಕ್ಕೆ ವಾಲಿ, ಅಪ್ಪನ ಹಳೆಯ ಕಂದು ಕೋಟಿನ ಜೇಬುಗಳಲ್ಲಿ ಕೈ ತುರುಕಿಕೊಂಡು, ದೀಪದ ಕಂಬಕ್ಕೆ ಡಿಕ್ಕಿ ಹೊಡೆದು, ಕಂಬಕ್ಕೇ ‘ಕ್ಷಮಿಸಿ’ ಎಂದು ಮುಂದೆ ಸಾಗುವ ಅವಳನ್ನು ಕಂಡು ಊರು ನಗುತ್ತಿತ್ತು. ಅಕ್ಕ ಮಾತ್ರ ನಗುತ್ತಿರಲಿಲ್ಲ. ಆ ಕೋಟು ಹಿರಿಯಳಾದ ತನಗೆ ಸಲ್ಲಬೇಕಾಗಿತ್ತೆಂಬುದು ಅವಳ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿದಿತ್ತು.

ಇಬ್ಬರೂ ನಗರಸಭೆಯ ಒಂದೇ ಕೋಣೆಯಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದರು. ಬಾಡಿಗೆಗೆ ಮನೆ ಸಿಗದೆ ಒಂದೊಂದು ಕೋಣೆಯಲ್ಲಿ ಎರಡೆರಡು ಸಂಸಾರಗಳು ಹೆಣಗುತ್ತಿದ್ದ ಕಾಲವದು. ಊರಂಚಿನ ಸಂರಕ್ಷಿತ ಹುಲ್ಲುಗಾವಲಿನ ಮೇಲೆ ಅಕ್ಕ ಕಾರಂಜಿಯುಳ್ಳ ಭವ್ಯ ಬಡಾವಣೆಯೊಂದನ್ನು ಕಲ್ಪಿಸಿ, ಸಭೆಯನ್ನು ಹೆಚ್ಚುಕಡಿಮೆ ಒಪ್ಪಿಸಿಯೂ ಇದ್ದಳು. ಆಗ ತಂಗಿ ಎದ್ದು, ಎಂದಿನಂತೆ ಮೂಗುಜ್ಜಿಕೊಂಡು, “ಆ ಹುಲ್ಲನ್ನ ಯಾಕೆ ಮುಟ್ಟಬೇಕು? ಊರ ತುಂಬ ಅಂಗಡಿಗಳ ಮೇಲೆ ಮಾಳಿಗೆ ಖಾಲಿ ಬಿದ್ದಿವೆ. ಪಾರಿವಾಳಗಳಿಗೆ ಮನೆ ಇದೆ, ಮನುಷ್ಯರಿಗಿಲ್ಲ” ಎಂದಳು.

ಸಭೆ ನಕ್ಕಿತು, ಆಮೇಲೆ ಯೋಚಿಸಿತು, ಕೊನೆಗೆ ಒಪ್ಪಿತು. ಅಕ್ಕನ ಹೊಟ್ಟೆಗೆ ಬೆಂಕಿ ಬಿತ್ತು.

“ನಂಗೊಂದು ಮಾತು ಮೊದಲೇ ಹೇಳಬಾರದಿತ್ತಾ?”

“ಹೇಳಿದ್ದೆ ಅಕ್ಕಾ. ನೀನು ಕಾರಂಜಿಗೆ ಬಣ್ಣ ಹಾಕ್ತಿದ್ದೆ.”

ಮುಂದೆ ತಂಗಿ ಅಂಗಡಿಯಿಂದ ಅಂಗಡಿಗೆ ಅಲೆದಳು. ಬೈದು ಕಳಿಸಿದವರ ಬಾಗಿಲಿಗೆ ಮರುದಿನ ಏನೂ ಆಗಿಲ್ಲವೆಂಬಂತೆ ಹಾಜರಾಗುವ ಅವಳ ಹಟಕ್ಕೆ ಒಬ್ಬೊಬ್ಬರೇ ಸೋತು ಬೀಗ ತೆಗೆದರು. ಚಪ್ಪಲಿ ಅಂಗಡಿಯ ಮೇಲೆ ಮೊದಲ ಸಂಸಾರ ಬಂದಿಳಿದಾಗ ಅಕ್ಕ ಹುಳುಕು ಹುಡುಕಲೆಂದೇ ಹೋದಳು. ಸಿಕ್ಕಿತು! ಮೆಟ್ಟಿಲುಗಳು ಏಣಿಯಷ್ಟು ಕಡಿದಾಗಿದ್ದವು. ಮುದುಕಿಯೊಬ್ಬಳು ಗೋಡೆ ತಬ್ಬಿಕೊಂಡು ಹತ್ತುತ್ತಿದ್ದಳು.

“ಕಷ್ಟ ಅಲ್ವಾ ಅಜ್ಜಿ?”

“ಕಷ್ಟಾನೇ ಮಗಳೇ. ಆದ್ರೆ ಮಗ, ಸೊಸೆ ಈಗ ಬಾಗಿಲು ಹಾಕ್ಕೊಂಡು ಜಗಳ ಆಡ್ತಾರೆ. ಮೊದಲು ಅದಕ್ಕೂ ಜಾಗ ಇರಲಿಲ್ಲ.”

ಆದರೂ ಗೆದ್ದ ಮುಖ ಹೊತ್ತೇ ಅಕ್ಕ ಕಚೇರಿಗೆ ಮರಳಿ ಮೆಟ್ಟಿಲಿನ ಕಥೆ ಹೇಳಿದಳು. ತಂಗಿ ಕೊಂಚವೂ ಕುಗ್ಗಲಿಲ್ಲ. “ಹೌದಕ್ಕಾ, ಮೆಟ್ಟಿಲಿನ ನಕ್ಷೆ ನಂಗೆ ಯಾವತ್ತೂ ಬರಲ್ಲ. ನೀನೇ ಹಾಕ್ಕೊಡೇ.”

ಆಗುವುದಿಲ್ಲ ಎನ್ನಬೇಕೆಂದುಕೊಂಡಳು ಅಕ್ಕ, ಆದರೆ ಪೆನ್ಸಿಲ್ ಆಗಲೇ ಕೈಯಲ್ಲಿತ್ತು. ಮಾಳಿಗೆ ಮಾಳಿಗೆಗೂ ಅಕ್ಕ ಹಾಕಿಕೊಟ್ಟ ಮೆಟ್ಟಿಲುಗಳನ್ನು ಮುದುಕರು ಸಲೀಸಾಗಿ ಹತ್ತಿದರು. ಹತ್ತಿ, ತಂಗಿಯನ್ನು ಹರಸಿದರು. ಅಕ್ಕ ಅದನ್ನು ಕೇಳಿಸಿಕೊಂಡು ಹಲ್ಲು ಕಚ್ಚಿ ಮುಂದಿನ ಮನೆಯ ಅಳತೆಗೆ ಹೋದಳು.

ತಂಗಿಯಂಥವರು ಯಾರೊಡನೆಯೂ ಸ್ಪರ್ಧೆಗಿಳಿಯುವುದಿಲ್ಲ. ಆದ್ದರಿಂದಲೇ ಅವರೆದುರು ಗೆಲ್ಲುವುದು ಅಸಾಧ್ಯ. ತಮ್ಮಲ್ಲಿಲ್ಲದ್ದನ್ನು ನಿಸ್ಸಂಕೋಚವಾಗಿ ಕೇಳಿ ಪಡೆಯುವ ಅವರು ಮತ್ಸರಿಸುವವರನ್ನೂ ಕೆಲಸಕ್ಕೆ ಹಚ್ಚಿಬಿಡುತ್ತಾರೆ. ಅವರನ್ನು ದ್ವೇಷಿಸಲು ಹೊರಟವರಿಗೆ ಕೊನೆಗೆ ಉಳಿಯುವುದು ಅವರ ಜೊತೆ ದುಡಿದ ದಣಿವು ಮಾತ್ರ.