ಬೇಲಿಯಾಚೆಯ ಪೈನ್ ಸಸಿಗಳು

ನನಗೆ ಮೂಗಿನ ತುದಿಯಲ್ಲೇ ಕೋಪ. ಹೆಂಡತಿ ಮರ್ಸಿ ಇದ್ದಾಗ ದಿನಕ್ಕೆ ನಾಲ್ಕು ಸಲ ಅದನ್ನು ಹೇಳುತ್ತಿದ್ದಳು. ಈಗ ಹೇಳುವವರಿಲ್ಲ, ಅವಳು ತೀರಿಕೊಂಡು ಎರಡು ವರ್ಷವಾಯಿತು.

ಕುವೈತಿನ ಒಂದು ಸಂರಕ್ಷಿತ ಮರುಭೂಮಿಯಲ್ಲಿ ನನ್ನ ಕೆಲಸ. ಅರ್ಫಜ್ ಎಂಬ ಹಳದಿ ಹೂವಿನ ಪೊದೆಯನ್ನು ಬೆಳೆಸಬೇಕು, ಹೊರಗಿನ ಗಿಡ ಬಂದರೆ ಕೀಳಬೇಕು. ನಮ್ಮ ಕ್ವಾರ್ಟರ್ಸಿನ ಅಂಗಳದಲ್ಲಿ ಮಾತ್ರ ಹಿಂದೆ ಯಾರೋ ಚಂದಕ್ಕೆಂದು ನೆಟ್ಟ ಮೂರು ಪೈನ್ ಮರಗಳಿವೆ. ಕ್ರಿಸ್ಮಸ್ ಬಂದರೆ ಮರ್ಸಿ ಅವುಗಳ ಒಣಕಾಯಿ ಆಯ್ದು ಗೋದಲಿ ಕಟ್ಟುವಳು. ಹುಲ್ಲು ಹಾಸಿ, ಬಾಲಯೇಸುವಿನ ಸುತ್ತ ಮಣ್ಣಿನ ಗೊಂಬೆಗಳು, ಅಂಚಿಗೆ ಈ ಕಾಯಿಗಳು. ಜನವರಿಯಲ್ಲಿ ಮೂರು ರಾಯರ ಹಬ್ಬ ಕಳೆದ ಮೇಲೆ ಗೊಂಬೆಗಳು ಪೆಟ್ಟಿಗೆಗೆ. ಹುಲ್ಲು, ಕಾಯಿಗಳೆಲ್ಲ ಬೇಲಿಯಾಚೆ, ನಮ್ಮ ಬಚ್ಚಲ ನೀರು ಇಂಗುವ ತಗ್ಗಿನ ಮಣ್ಣಿಗೆ. ಪವಿತ್ರ ಜಲ ಚಿಮುಕಿಸಿದ್ದನ್ನು ಕಸದ ಡಬ್ಬಿಗೆ ಹಾಕುವುದುಂಟೇ? ನಾನೇ ಗುದ್ದಲಿ ಹಿಡಿದು ಜೊತೆಗೆ ಹೋಗಿ ಗುಂಡಿ ತೋಡುತ್ತಿದ್ದೆ. ಗಿಡಗಳ ನಡುವೆಯೇ ಬದುಕಿದವನಿಗೆ ಆ ಕಾಯಿಯೊಳಗೆ ಬೀಜವಿದೆ ಎಂಬುದು ಹೊಳೆಯಲಿಲ್ಲ.

ಒಂದು ವರ್ಷ ಗೋದಲಿಯ ಕುರಿಮರಿ ಕಾಣೆಯಾಯಿತು. ನನ್ನ ಅಮ್ಮ ಕೊಟ್ಟದ್ದು, ಸುಟ್ಟ ಮಣ್ಣಿನದು, ಒಂದು ಕಿವಿ ಮುರಿದಿತ್ತು.

"ಹುಲ್ಲಿನ ಒಟ್ಟಿಗೆ ಹೋಗಿರ್ಬೇಕು ಮಾರಾಯ್ರೆ. ಒಮ್ಮೆ ಅಗೆದು ನೋಡುವ," ಎಂದಳು ಮರ್ಸಿ.

"ನಿನ್ನ ತಲೆ! ಎಲ್ಲಿಯೋ ಬಿಸಾಡಿ ಈಗ ಕತೆ ಹೇಳ್ಬೇಡ."

ನಾಲ್ಕು ದಿನ ಮಾತು ಬಿಟ್ಟೆ. ಅವಳೊಬ್ಬಳೇ ಹೋಗಿ ಕೈಯಲ್ಲೇ ಮಣ್ಣು ಕೆದಕಿ ಬಂದಳು. ಉಗುರಿನ ಸಂದಿಯಲ್ಲಿ ಮರಳಿತ್ತು. ನೋಡಿಯೂ ಸುಮ್ಮನಿದ್ದೆ.

ಅವಳು ಹೋದ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ಕಳೆದ ಫೆಬ್ರವರಿಯಲ್ಲಿ ನಮ್ಮ ಸಾಹೇಬರು ಧನಂಜಯ್ ನನ್ನನ್ನು ಗಿಡಗಳ ಸರ್ವೆಗೆ ಕರೆದುಕೊಂಡು ಹೋದರು. ಮೈಸೂರಿನವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ತಗ್ಗಿನ ಹತ್ತಿರ ಇಬ್ಬರೂ ನಿಂತುಬಿಟ್ಟೆವು. ಅರ್ಫಜ್ ನಡುವೆ ಹನ್ನೊಂದು ಪೈನ್ ಸಸಿಗಳು. ದೊಡ್ಡದು ನನ್ನ ಸೊಂಟದೆತ್ತರ.

"ಯಾರ್ ತಂದು ಹಾಕಿದ್ರೋ ಇಲ್ಲಿ?" ಎಂದರು.

ಮುಚ್ಚಿಡಲು ಮನಸ್ಸಾಗಲಿಲ್ಲ, ಎಲ್ಲವನ್ನೂ ಹೇಳಿದೆ. ಮರ್ಸಿ ಕ್ರಿಸ್ಮಸ್ಸಿಗೆ ಮಾಡುವ ಕುಸ್ವಾರ್ ತಿಂಡಿಗಳನ್ನು ತಿಂದವರು ಧನಂಜಯ್.

"ಹತ್ತು ಕಿತ್ಹಾಕಿ ಅಂಕಲ್, ಖಲಾಸ್. ಆ ದೊಡ್ಡದನ್ನ ನಾನು ಬರ್ಕೊಳಲ್ಲ. ಮರ್ಸಿ ಆಂಟಿ ಕೈದು, ಇರ್ಲಿ."

ನಮಗೆ ಮಕ್ಕಳಿಲ್ಲ. ಅವಳ ಕೈಯಿಂದ ಹುಟ್ಟಿ ಈ ದೇಶದಲ್ಲಿ ಉಳಿದದ್ದು ಅದೊಂದೇ. ಹೂಂ ಎಂದುಬಿಡಲು ಬಹಳ ಆಸೆಯಾಯಿತು.

"ಬೇಡ ಸರ್. ಒಂದು ಉಳಿದ್ರೂ ಸಾಕು, ನಾಳೆ ಇದರ ಬೀಜ ಗಾಳಿಗೆ ಹಾರ್ತದೆ. ಮತ್ತೆ ಇಲ್ಲಿ ಅರ್ಫಜ್ ಉಳಿಯುದಿಲ್ಲ."

ಹತ್ತನ್ನು ಕೈಯಲ್ಲೇ ಕಿತ್ತೆ. ಕೊನೆಯದಕ್ಕೆ ಗುದ್ದಲಿ ಬೇಕಾಯಿತು. ಬುಡ ಬಿಡಿಸಿ ಎಳೆದಾಗ ಬೇರಿನ ಜೊತೆ ಏನೋ ಗಟ್ಟಿಯಾದದ್ದು ಮೇಲೆ ಬಂತು. ಬೆರಳಲ್ಲಿ ಮಣ್ಣು ಒರೆಸಿದೆ. ಒಂದು ಕಿವಿಯಿಲ್ಲದ ಕುರಿಮರಿ. ಬೇರು ಅದರ ಕತ್ತನ್ನು ಎರಡು ಸುತ್ತು ಸುತ್ತಿತ್ತು.

ಅವಳು ಹೇಳಿದ ಜಾಗವೇ. ಇನ್ನೊಂದು ಗೇಣು ಆಳಕ್ಕಿತ್ತು, ಅಷ್ಟೆ. ಅಂದು ನಾನು ಗುದ್ದಲಿ ಹಿಡಿದು ಜೊತೆಗೆ ಹೋಗಿದ್ದರೆ ಸಿಗುತ್ತಿತ್ತು.

ಧನಂಜಯ್ ಆಚೆ ತಿರುಗಿ ನಿಂತರು. ನಾನು ಬೇರು ಕತ್ತರಿಸಿ ಕುರಿಮರಿಯನ್ನು ಬಿಡಿಸಿಕೊಂಡು ಮನೆಗೆ ನಡೆದೆ. ಬಾಗಿಲು ತೆಗೆಯುವಾಗ ಬಾಯಿಂದ ಬಂದೇಬಿಟ್ಟಿತು: "ಮರ್ಸಿ, ಸಿಕ್ಕಿತು ನೋಡು."