ಸಕ್ರವ್ವ ಮಗಳನ್ನೇ ಕೇಳಿದಳು

ನಾಸಿಕದ ಸಾತಪುರದಲ್ಲಿ, ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ, ನಳಕ್ಕೆ ನೀರು ಬಾರದ ದಿನ ಹೆಂಗಸರೆಲ್ಲ ಬೋರಿನ ನೀರು ಹಿಡಿಯುತ್ತಿದ್ದರು. ಆ ನೀರಿಗೆ ಒಂಥರಾ ಹಳದಿ ಬಣ್ಣ. ಪಾತ್ರೆ ತಿಕ್ಕಿದರೆ ಕೈಯೆಲ್ಲ ತುರಿಕೆ. ಆಳಂದದ ಕಡೆಯಿಂದ ಬಂದು ನೆಲೆಸಿದ ಸಕ್ರವ್ವನ ಬೆರಳ ಸಂದಿಗಳಂತೂ ಬಿರಿದು ರಕ್ತ ಒಸರುತ್ತಿತ್ತು. ಆಕೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸುಮ್ಮನಾಗುತ್ತಿದ್ದಳು.

ಸುಮ್ಮನಾಗದವಳು ಮಗಳು ರುಚಿತಾ. ಕಾಲೇಜಿನ ಗೆಳತಿಯರನ್ನು ಕೂಡಿಸಿಕೊಂಡು ಬೋರಿನ ನೀರನ್ನೂ ಪಕ್ಕದಲ್ಲಿ ಹರಿಯುವ ಹಳ್ಳದ, ಅಂದರೆ ನಾಲಾದ, ನೀರನ್ನೂ ಪರೀಕ್ಷೆ ಮಾಡಿಸಿದಳು. ಒಂದು ಕಾರ್ಖಾನೆಯ ಹೊಲಸು ನೀರು ನೇರ ನಾಲಾಕ್ಕೆ ಬೀಳುತ್ತಿತ್ತು. ಅದೇ ನೆಲಕ್ಕಿಳಿದು ಬೋರಿಗೆ ಸೇರುತ್ತಿತ್ತು. ವಿದ್ಯಾರ್ಥಿಗಳು ಆ ಕಾರ್ಖಾನೆಯ ಗೇಟಿನ ಮುಂದೆ ಧರಣಿ ಕೂತರು. ಅದೇ ಗೇಟಿನೊಳಗೆ ರುಚಿತಾಳ ಅಪ್ಪ ರೇವಣಪ್ಪ ಗುತ್ತಿಗೆ ಕೆಲಸಕ್ಕಿದ್ದ.

“ಅಪ್ಪನ ಕೆಲಸ ಹೋದ್ರ ಏನ್ ತಿನ್ನೋದು?” ಸಕ್ರವ್ವ ಮಗಳ ಮೇಲೆ ಹರಿಹಾಯ್ದಳು. “ಊರು ಬಿಟ್ಟು ಬಂದೋರು ನಾವು. ನಮಗ್ಯಾಕ ಬೇಕು ಈ ಆಂದೋಲನ?”

“ಕಾರ್ಖಾನಿ ಬಂದ್ ಮಾಡ್ರಿ ಅಂತ ಹೇಳಿಲ್ಲವ್ವಾ. ನೀರು ಸಾಫ್ ಮಾಡಿ ಬಿಡ್ರಿ ಅಂತ ಕೇಳಕತ್ತೀವಿ.” ರುಚಿತಾ ತಾಯಿಯ ಒರಟು ಕೈಗಳನ್ನು ಹಿಡಿದುಕೊಂಡಳು. “ನಿನ್ನ ಈ ಕೈ ನೋಡೇ ನಾ ಹೊರಗ ಬಿದ್ದೀನಿ.”

“ಮಗಳು ಹೇಳೋದು ಬರೋಬರಿ ಅದ,” ಎಂದ ರೇವಣಪ್ಪ, ಅಷ್ಟೇ.

ಧರಣಿಯ ಸಿಟ್ಟಿಗೆ ಕಾರ್ಖಾನೆಯವರು ಅವನನ್ನು ಕೆಲಸದಿಂದ ತೆಗೆದರು. ಲಾಸಲಗಾಂವಿನ ಈರುಳ್ಳಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಕೆಲಸ ಹಿಡಿದ. ವಾರಕ್ಕೊಮ್ಮೆ ಮನೆಗೆ ಬಂದಾಗಲೂ ಮಗಳಿಗೆ ಒಂದು ಬಿರುಸು ಮಾತು ಆಡಲಿಲ್ಲ.

ಕಾರ್ಖಾನೆಯವರು ಕೊನೆಗೂ ನೀರು ಶುದ್ಧ ಮಾಡುವ ಘಟಕ ಕಟ್ಟಿದರು. ಆದರೆ ಬೇರೆ ಕಾರ್ಖಾನೆಗಳಿಂದ ನಾಲಾಕ್ಕೆ ಹೊಲಸು ನೀರಿನ ಹೊಸ ಪೈಪುಗಳು ಬರುತ್ತಲೇ ಇದ್ದವು. ರುಚಿತಾ ಓದು ಮುಗಿಸಿ ಶಾಲೆಯಲ್ಲಿ ಪಾಠ ಹೇಳುತ್ತ, ರಜೆಯ ದಿನ ಓಣಿಯವರೊಡನೆ ನಾಲಾದ ದಂಡೆ ಹಸನು ಮಾಡಿ ಬೇವು, ಹೊಂಗೆ ನೆಟ್ಟಳು. ಪಾಲಿಕೆಗೆ ಅಲೆದು ಅಲೆದು ಸಾಕಾಗಿ, ಪಾಲಿಕೆಯ ಚುನಾವಣೆ ಬಂದಾಗ ತಾನೇ ನಿಂತಳು.

ಸಕ್ರವ್ವನಿಗೆ ಇದು ಸುತರಾಂ ಸೇರಲಿಲ್ಲ. ಓಣಿಯ ಆಶಾ ಕಾರ್ಯಕರ್ತೆ ಲಕ್ಷ್ಮವ್ವನ ಮುಂದೆ ಕಣ್ಣೀರು ಹಾಕಿದಳು. “ರಾಜಕೀಯಕ್ಕ ಹೋದೋರು ಬದಲಾಗ್ತಾರ. ನನ್ನ ಮಗಳೂ ಹಂಗೇ ಆದ್ರ?”

“ಓಟು ಹಾಕಿ ನಾವು ಮನ್ಯಾಗ ಕೂತ್ರ ಯಾರಾದ್ರೂ ಬದಲಾಗ್ತಾರಕ್ಕಾ. ವಾರ್ಡ್ ಸಭಾಕ್ಕ ಬರ್ರಿ. ಎದ್ದು ನಿಂತು ಕೇಳ್ರಿ.”

“ನನಗ ಮರಾಠಿ ನೆಟ್ಟಗ ಬರಂಗಿಲ್ಲ.”

“ನೀರಿನ ತ್ರಾಸ ಹೇಳಾಕ ಬರ್ತದಲ್ಲ? ಸಾಕು.”

ಮತದಾನದ ದಿನ ರೇವಣಪ್ಪ ಕೂಲಿ ಬಿಟ್ಟು ಬಂದ. ಗಂಡ ಹೆಂಡತಿ ಜೊತೆಯಾಗಿ ಹೋಗಿ ಓಟು ಹಾಕಿದರು. ರುಚಿತಾ ಗೆದ್ದು ವಾರ್ಡಿನ ನಗರಸೇವಿಕಾ, ಅಂದರೆ ಪಾಲಿಕೆ ಸದಸ್ಯೆ, ಆದಳು.

ಮೊದಲ ವಾರ್ಡ್ ಸಭೆಯಲ್ಲಿ ಅವಳ ಕೊರಳಿಗೆ ಹಾರದ ಮೇಲೆ ಹಾರ. ಹಿಂದಿನ ಸಾಲಿನಲ್ಲಿ ಸಕ್ರವ್ವ ಎದ್ದು ನಿಂತಳು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಕೇಳಿಯೇಬಿಟ್ಟಳು: “ನಗರಸೇವಿಕಾ ಬಾಯಿಯವರ, ಹಾರ ಆಮ್ಯಾಲ ಹಾಕ್ಕೋರಿ. ನಾಲಾಕ್ಕ ಮತ್ತ ಎರಡು ಪೈಪು ಬಂದಾವ. ಯಾವಾಗ ಬಂದ್ ಮಾಡಿಸ್ತೀರಿ?”

ಹೆತ್ತ ಮಗಳಿಗೆ ತಾಯಿ ಬಹುವಚನ ಹಚ್ಚಿದ್ದು ಕೇಳಿ ಸಭೆ ನಕ್ಕಿತು. ರುಚಿತಾ ನಗಲಿಲ್ಲ. ಅವಳ ಕಣ್ಣುಗಳು ತುಂಬಿದ್ದವು. ಹಾರ ತೆಗೆದಿಟ್ಟು ಕೆಳಗಿಳಿದು ಬಂದು, “ಈಗೇ ನೋಡೋಣ ನಡೀರಿ,” ಎಂದು ತಾಯಿಯ ಭುಜ ಹಿಡಿದಳು. ಇಡೀ ಸಭೆ ಅವರ ಹಿಂದೆ ನಾಲಾದ ಕಡೆ ನಡೆಯಿತು.

ಒಂದು ಪೈಪು ಬೇಗನೆ ಬಂದ್ ಆಯಿತು. ಇನ್ನೊಂದರ ಬಗ್ಗೆ ಸಕ್ರವ್ವ ಪ್ರತಿ ಸಭೆಯಲ್ಲೂ ಕೇಳುತ್ತಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗಳು ನೀರಿನ ಬಗ್ಗೆ ದನಿ ಎತ್ತಿದರೆ ತಡೆಯಬೇಡಿ, ಜೊತೆಗೆ ನಿಲ್ಲಿ. ತಪ್ಪದೆ ಓಟು ಹಾಕಿ. ಹಾಕಿದ ಮೇಲೆ ಮನೆಯಲ್ಲಿ ಕೂರಬೇಡಿ. ಗೆದ್ದವರು ನಿಮ್ಮವರೇ ಆಗಿದ್ದರೂ ಎದ್ದು ನಿಂತು ಕೇಳಿ.