ಹಗೇವಿಗೆ ಇಳಿದ ಬಿದಿರು

ಕುರುಗೋಡಿನ ನಮ್ಮ ಮನೆಯ ಹಿತ್ತಲಿನಲ್ಲಿ ಬಿದಿರು ನೆಟ್ಟವರು ನನ್ನ ಗಂಡ. ಸಿರುಗುಪ್ಪದಲ್ಲಿ ಕೃಷಿ ಇಲಾಖೆಯ ಕೆಲಸದಲ್ಲಿದ್ದಾಗ ನೀಲಗಿರಿಯ ಗೆಳೆಯನೊಬ್ಬ ಕೊಟ್ಟ ಗಡ್ಡೆ ಅದು. ನಮ್ಮ ಕಡೆಯ ಬಿದಿರು ಮೆಳೆಯಾಗಿ ಒಂದೇ ಕಡೆ ನಿಲ್ಲುತ್ತದೆ. ಇದು ನೆಲದೊಳಗೆ ಬೇರು ಹರಿಸಿ ಎಲ್ಲೋ ದೂರದಲ್ಲಿ ತಲೆ ಎತ್ತುತ್ತಿತ್ತು. ಬಚ್ಚಲ ನೀರು ಅದಕ್ಕೆ ಸಾಕಾಗಿತ್ತು. ರಜೆಗೆ ಬಂದಾಗಲೆಲ್ಲ ಅವರು ಸುತ್ತ ಅಗೆದು ಬೇರು ಕತ್ತರಿಸುತ್ತಿದ್ದರು.

೧೯೫೦ರ ಬೇಸಿಗೆಯಲ್ಲಿ ಅವರು ಬಳ್ಳಾರಿಯ ಆಸ್ಪತ್ರೆಯಲ್ಲಿ ವಿಷಮಜ್ವರದಿಂದ ತೀರಿಕೊಂಡರು. ಚಟ್ಟಕ್ಕೆ ಗಳ ಕಡಿದದ್ದು ಆ ಹಿತ್ತಲಿನಲ್ಲೇ. ಚಟ್ಟಕ್ಕೆ ಗಳ ಕೊಟ್ಟ ಮೆಳೆಗೆ ವರ್ಷದ ಕಾರ್ಯ ಮುಗಿಯುವವರೆಗೆ ಕಬ್ಬಿಣ ತಾಗಿಸಬಾರದು ಎಂಬುದು ಈ ಮನೆತನದ ನಡೆ. ಅತ್ತೆ ಸಾವಂತ್ರಮ್ಮ ಗುದ್ದಲಿ, ಕೊಡಲಿ ಎರಡನ್ನೂ ಅಟ್ಟಕ್ಕೆ ಹಾಕಿಸಿದರು.

ಮಳೆಗಾಲದಲ್ಲಿ ಬಚ್ಚಲ ಕಲ್ಲು ಎದ್ದಿತು. ಆಮೇಲೆ ಅಡುಗೆಮನೆಯ ಹಿಂಗೋಡೆ ಬುಡದಲ್ಲಿ ಬಿರುಕು ಬಿಟ್ಟಿತು. ಒಲೆಯ ಪಕ್ಕ ಒಂದು ಮೊಳಕೆ ಕಂಡಿತು. ಅತ್ತೆ ಅದನ್ನು ಬಿಟ್ಟು ಸುತ್ತ ಗುಡಿಸಿದರು. ನಾನು ಪಾತ್ರೆಗಳನ್ನು ಬೇರೆ ಕಡೆ ಇಟ್ಟೆ.

ಒಂದು ಬೆಳಿಗ್ಗೆ ಅಂಗಳದ ನಡುವೆ, ಹಗೇವಿಗೆ ಮುಚ್ಚಿದ್ದ ಚಪ್ಪಡಿಯ ಅಂಚಿನಲ್ಲಿ ಇನ್ನೊಂದು ಮೊಳಕೆ ಎದ್ದಿತ್ತು. ನೆಲದೊಳಗಿನ ಆ ಕಣಜದಲ್ಲಿ ಮುಂದಿನ ಸುಗ್ಗಿಯವರೆಗಿನ ನಮ್ಮ ಜೋಳವೆಲ್ಲ ಇತ್ತು. ಅದು ರೇಷನ್ ಕಾಲ. ಕೆಟ್ಟರೆ ಬೇರೆ ಸಿಗುತ್ತಿರಲಿಲ್ಲ. ಪಕ್ಕದ ಮನೆಯ ಗಾಳೆಪ್ಪನನ್ನು ಕರೆದೆ. ಅವನು ಬರುವಷ್ಟರಲ್ಲಿ ಅತ್ತೆ ಹೋಗಿ ಚಪ್ಪಡಿಯ ಮೇಲೆ ಕುಳಿತಿದ್ದರು.

“ಏಳ್ರಿ ಸಾವಂತ್ರಕ್ಕ,” ಅಂದ ಗಾಳೆಪ್ಪ. “ಬೇರು ಒಳಗ ಹೊಕ್ಕಿದ್ರ ಅದರ ಹಿಂದ ಬಚ್ಚಲ ನೀರೂ ಹೊಕ್ಕಿರತೈತಿ.”

“ವರ್ಷ ತುಂಬಲಿ. ನನ್ನ ಮಗ ಹಚ್ಚಿದ್ದು ನನ್ನ ಮನಿಗೆ ಕೇಡು ಮಾಡ್ತೈತೇನಲೇ?”

“ಯಾರು ಹಚ್ಚಿದ್ದು ಅಂತ ಅದಕ್ಕೇನು ಗೊತ್ತಕ್ಕ? ನಿನ್ನೆ ನಮ್ಮ ದನದ ಕೊಟ್ಟಿಗ್ಯಾಗೂ ಎದ್ದಿತ್ತು. ಎಮ್ಮಿ ಮೇಯ್ದು ಸುಮ್ನಾತು.”

“ನಿನ್ನ ಎಮ್ಮಿ ನಿನ್ನಂಗ. ಯಾರ ಮನೀದಾದ್ರೂ ತಿಂತೈತಿ.”

ಗಾಳೆಪ್ಪ ನನ್ನ ಕಡೆ ನೋಡಿದ.

“ಅತ್ತಿ,” ಅಂದೆ. “ಜೋಳ ಕೆಟ್ರ ಅವರ ಕಾರ್ಯಕ್ಕ ಬಂದ ಮಂದಿಗೆ ಏನು ನೀಡ್ತೀರಿ?”

“ಬಿ.ಎ. ಓದಿದಾಕಿ ಬಾಯಿ ಬಿಟ್ಲು ನೋಡಪ್ಪ,” ಅಂದರು ಅವನಿಗೆ. ಮೊಣಕಾಲು ಹಿಡಿದುಕೊಂಡು ಎದ್ದರು.

ಚಪ್ಪಡಿ ಸರಿಸಿದಾಗ ಹುಳಿ ವಾಸನೆ ಬಂತು. ಹಗೇವು ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ. ಕೆಟ್ಟ ಗಾಳಿ ಹೋಗಲೆಂದು ಮಧ್ಯಾಹ್ನದವರೆಗೆ ಬಿಟ್ಟೆವು. ಗಾಳೆಪ್ಪ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟ. ದೀಪ ಆರಲಿಲ್ಲ. ಇಳಿದ.

ಮೊದಲ ಬುಟ್ಟಿಗಳಲ್ಲಿ ಬಂದದ್ದು ಜೋಳದ ಕಪ್ಪು ಹೆಂಟೆ. ಬಿದಿರಿನ ಬೇರು ಒಂದು ಬದಿಯ ಗೋಡೆ ಸೀಳಿ ಒಳಗೆ ಹರಡಿತ್ತು. ಅದರ ಗೆಣ್ಣುಗಳಿಗೆ ಜೋಳ ಅಂಟಿ ಕೊಳೆತಿತ್ತು.

“ಈ ಕಡೀದು ಒಣಗೇ ಐತಿ,” ಎಂದು ಒಳಗಿನಿಂದ ಕೂಗಿದ. “ಅರ್ಧ ಉಳಿದೀತು!”

ಅತ್ತೆ ಬುಟ್ಟಿಯಲ್ಲಿ ಬಂದ ಒಂದು ಬೇರಿನ ತುಂಡು ಎತ್ತಿಕೊಂಡು, ಅಂಟಿದ್ದ ಜೋಳವನ್ನು ಬೆರಳಿನಿಂದ ಕೆರೆದರು. ಆಮೇಲೆ ತಾವೇ ಅಟ್ಟದಿಂದ ಗುದ್ದಲಿ ಇಳಿಸಿದರು.

“ಗ್ವಾಡಿ ಬಿದ್ರ ಬೀಳಲಿ. ಒಂದು ಬೇರೂ ಉಳೀಬಾರದು.”

ಮೊದಲ ಏಟು ಅವರೇ ಹಾಕಿದರು. ಸಂಜೆಯ ಹೊತ್ತಿಗೆ ಅಡುಗೆಮನೆಯ ಹಿಂಗೋಡೆ ಇರಲಿಲ್ಲ. ಕಾರ್ಯಕ್ಕೆ ಊರಿಗೆಲ್ಲ ಹೇಳುವುದು ಬೇಡ, ಬೀಗರಿಗಷ್ಟೇ ಸಾಕು ಅಂದರು. ನಾನು ಹೂಂ ಅಂದೆ.

ಅಂಗಳದಲ್ಲಿ ಮೂರು ಕಲ್ಲು ಇಟ್ಟು, ಉಳಿದ ಜೋಳದಲ್ಲಿ ರೊಟ್ಟಿ ಬಡಿದೆ. ಸ್ವಲ್ಪ ಮುಗ್ಗಲು ವಾಸನೆ ಇತ್ತು. ಇಬ್ಬರೂ ತಿಂದೆವು.